ಒಂದೇ ಕೇಬಲ್ಲಿನ ಎರಡು ತಂತಿ

ತೊಂಬತ್ತರ ದಶಕದ ಮೊದಲ ವರ್ಷಗಳು. ಮೈಸೂರಿನಿಂದ ಮುಂಬಯಿಗೆ ಬಂದು ಅಲ್ಲಿನ ಫೋರ್ಟಿನ ಒಂದು ಔಷಧಿ ಕಂಪನಿಯ ಕಂಪ್ಯೂಟರ್ ವಿಭಾಗ ಸೇರಿದ್ದೆ. ಆಸ್ಪತ್ರೆಗಳ ಆರ್ಡರುಗಳನ್ನು ದಿನಾ ಫ್ಲಾಪಿಯಲ್ಲಿ ತುಂಬಿ ಕಾಂದಿವಲಿಯ ಗೋದಾಮಿಗೆ ಲೋಕಲ್ ರೈಲಿನಲ್ಲಿ ಒಯ್ಯುತ್ತಿದ್ದವರು ಉಡುಪಿ ಕಡೆಯ ಒಬ್ಬ ಹಿರಿಯರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಫ್ಲಾಪಿ ಕೊಟ್ಟಾಗಲೆಲ್ಲ ಉದ್ದನೆಯ ಪುಸ್ತಕವೊಂದರಲ್ಲಿ ಗಂಟೆ ಬರೆಸಿ ಸಹಿ ಹಾಕಿಸಿಕೊಳ್ಳದೆ ಬಿಡುವವರಲ್ಲ.

ನಾನು ಬಂದವನೇ ಫ್ಲಾಪಿಗೆ ಬದಲು ಟೆಲಿಫೋನ್ ತಂತಿ ಹಾಕಿಸಿದೆ. ಪ್ರತಿ ಆರ್ಡರಿಗೂ ಒಂದು ನಂಬರಿನ ಚೀಟಿ. ನಡುವಿನ ಯಂತ್ರ ವಿಳಾಸ ಓದುವುದಿಲ್ಲ, ಚೀಟಿ ನೋಡಿ ಮುಂದಿನ ತಂತಿಗೆ ದಾಟಿಸುತ್ತದೆ. ಒಂದು ತಂತಿ ಸತ್ತರೆ ಅದೇ ಚೀಟಿ ಇನ್ನೊಂದಕ್ಕೆ ತಿರುಗಬೇಕು. ಆ ಇನ್ನೊಂದನ್ನು ಬೇರೆ ರಸ್ತೆಯಿಂದ ತರಿಸಲು ಖರ್ಚೂ ಹೆಚ್ಚು, ಕಾಯುವುದೂ ಹೆಚ್ಚು. ಮೊದಲ ತಂತಿ ಬಂದ ಕೇಬಲ್ಲಿನಲ್ಲೇ ಇನ್ನೊಂದು ತಂತಿ ಖಾಲಿಯಿತ್ತು. ಅಗ್ಗಕ್ಕೆ ಸಿಕ್ಕಿತೆಂದು ತೆಗೆದುಕೊಂಡೆ. ಮ್ಯಾನೇಜರಿಗೆ ಎರಡು ತಂತಿ ಇವೆ ಎಂದೆನೇ ಹೊರತು ಕೇಬಲ್ ಒಂದೇ ಎನ್ನಲಿಲ್ಲ. ಇನ್ನು ಫ್ಲಾಪಿ ಒಯ್ಯುವವರು ಬೇಡ, ಆ ಕೆಲಸವನ್ನು ತಿಂಗಳ ಕೊನೆಗೆ ತೆಗೆಯಬಹುದು ಎಂದೂ ಬರೆದು ಸಹಿ ಹಾಕಿದೆ.

ಅಂದಿನಿಂದ ಕೂತಲ್ಲಿ ಕೂರಲಾಗಲಿಲ್ಲ. ರಸ್ತೆಯಲ್ಲಿ ಯಾರಾದರೂ ಗುದ್ದಲಿ ಎತ್ತಿದರೆ ಎಲ್ಲಿ ಅಗೆಯುತ್ತಾನೋ ಎಂದು ನಿಂತುಬಿಡುತ್ತಿದ್ದೆ. ಮ್ಯಾನೇಜರ್ ಲೈನಿನ ಮಾತೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ತಿಂಗಳ ಕೊನೆಯ ದಿನ ಕಾಂದಿವಲಿಯ ಗೋದಾಮಿನಲ್ಲಿದ್ದೆ. ಜೋರು ಮಳೆ. ಗೇಟಿನಾಚೆ ನೀರಿನ ಪೈಪಿಗಾಗಿ ಅಗೆಯುತ್ತಿದ್ದರು. ಹನ್ನೊಂದೂವರೆಗೆ ಕಂಪ್ಯೂಟರಿಗೆ ಆರ್ಡರು ಬರುವುದು ನಿಂತಿತು. ಇನ್ನೊಂದು ತಂತಿಗೆ ತಿರುಗಿಸಿದೆ, ಅದೂ ಸತ್ತಿತ್ತು. ಹೊರಗೆ ಓಡಿದೆ. ಗುಂಡಿಯಲ್ಲಿ ಕಪ್ಪು ಕೇಬಲ್ ತುಂಡಾಗಿ ಬಿದ್ದಿತ್ತು. ಗೋದಾಮಿನ ಫೋನೂ ಅದರಲ್ಲೇ. ವ್ಯಾನುಗಳು ಪಟ್ಟಿಗಾಗಿ ಸಾಲಾಗಿ ನಿಂತಿದ್ದವು. "ಸಾಬ್, ಔರ್ ಕಿತನಾ ಟೈಮ್?" ಎಂದು ಡ್ರೈವರುಗಳು ಕೇಳಿದಾಗಲೆಲ್ಲ ಒಳಗೆ ಹೋಗಿ ಸತ್ತ ಫೋನನ್ನೇ ಮತ್ತೆ ಎತ್ತಿ ನೋಡುತ್ತಿದ್ದೆ. ಮಳೆಗೆ ಅಂಧೇರಿಯಿಂದ ಈಚೆ ಲೋಕಲ್ ರೈಲೂ ಇಲ್ಲ ಎಂಬ ಸುದ್ದಿ ಬಂತು.

ಮೂರು ಗಂಟೆಗೆ ಅಣ್ಣ ತೊಪ್ಪೆಯಾಗಿ ಬಂದರು. ಊಟದ ಡಬ್ಬಿ ತೆರೆದು, ಪ್ಲಾಸ್ಟಿಕ್ ಬಿಚ್ಚಿ ಫ್ಲಾಪಿ ಕೊಟ್ಟರು.

"ಆರ್ಡರಿಗೆ ನಿಮ್ಮ ಉತ್ತರ ಬರ್ಲಿಲ್ಲ, ತಂತಿ ಹೋಗಿರ್ಬೇಕು ಅಂತ ನಾನೇ ಕೇಳಿ ಫ್ಲಾಪಿ ತುಂಬಿಸಿ ತಂದೆ. ವೆಸ್ಟರ್ನ್ ರೈಲು ಬಂದ್ ಉಂಟಲ್ಲ ಮಾರಾಯ್ರೆ, ವೀಟಿ ಸ್ಟೇಶನಿಂದ ಸೆಂಟ್ರಲ್ ರೈಲು ಹಿಡ್ದು ಮುಲುಂಡಿಗೆ ಹೋದೆ. ಅಲ್ಲಿಂದ ಬೊರಿವಲಿ ಬಸ್ಸು ಹಿಡ್ದು ಇಲ್ಲಿಗೆ."

ವ್ಯಾನುಗಳು ಹೊರಟವು. ಅವರು ಪುಸ್ತಕ ಚಾಚಿದರು. ಸಹಿ ಹಾಕಿದೆ. ಅವರನ್ನು ತೆಗೆಯಲು ಹಾಕಿದ್ದೂ ಇದೇ ಸಹಿ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಇವತ್ತು ನಂದು ಲಾಸ್ಟ್ ಅಲ್ವಾ ಸಾರ್. ಈ ಪುಸ್ತಕ ಯಾರ ಹತ್ರ ಕೊಡುದು?"

"ನಿಮ್ಮ ಹತ್ರಾನೇ ಇರ್ಲಿ ಅಣ್ಣ. ನಾಳೆ ಮ್ಯಾನೇಜರಿಗೆ ನಿಜ ಹೇಳ್ತೀನಿ. ಎರಡು ತಂತೀನೂ ಒಂದೇ ಕೇಬಲ್ಲಲ್ಲಿತ್ತು."

"ಅದು ಗೊತ್ತುಂಟು," ಎಂದರು ಅಣ್ಣ. "ಲೈನ್‌ಮನ್ ಜೋಡಿಸುವಾಗ ಕೊಡೆ ಹಿಡಿದದ್ದು ನಾನಲ್ವಾ."

ಮರುದಿನ ಹೇಳಿದೆ. ಅವರ ಕೆಲಸ ಉಳಿಯಿತು. ಎಲ್ಲ ಗೊತ್ತಿದ್ದೂ ಯಾರಿಗೂ ಹೇಳದೆ ನನ್ನ ಮರ್ಯಾದೆ ಕಾಯ್ದವರ ಮುಖ ನೋಡುವುದು ಮಾತ್ರ ಬಹಳ ದಿನ ನನ್ನಿಂದಾಗಲಿಲ್ಲ.