ತಾಯಿಯ ಪುಟಕ್ಕೆ ವಾಪಸ್

ಸಿಂಥಿಯಾ ನನ್ನ ಪಕ್ಕದ ಕುರ್ಚಿಯವಳು. ಮಣಿಪಾಲದಲ್ಲಿ ಒಂದು ಕೋಣೆಯ ಆಫೀಸು, ಗಲ್ಫಿನಲ್ಲಿರುವ ನಮ್ಮ ಊರಿನವರಿಗೆಂದು ಒಂದು ವೆಬ್‌ಸೈಟ್. ಮದುವೆ, ಮರಣ, ಊರಿನ ಸುದ್ದಿ ಎಲ್ಲ ಅದರಲ್ಲಿ. ಕಾಪುವಿನಿಂದ ಬಸ್ಸಿನಲ್ಲಿ ನಿಂತೇ ಬರುವ ಈ ಹುಡುಗಿ ಮೊದಲು ತೆರೆಯುವುದು ಮರಣದ ಪುಟ. "ಎಂತ ಮಾರಾಯ್ತಿ, ಬೆಳಿಗ್ಗೆ ಬೆಳಿಗ್ಗೆ ಸಾವು?" ಎಂದು ಗೇಲಿ ಮಾಡಿದರೆ, "ಅಲ್ಲಿರುವವರಿಗೆ ಬರಲಿಕ್ಕೆ ಆಗುವುದಿಲ್ಲ, ಕುಶಲಾ. ಎರಡು ಮಾತು ಬರೆಯಲಿಕ್ಕಾದರೂ ಆಗಬೇಕಲ್ವಾ?" ಎನ್ನುವಳು.

ಬರೆಯಬೇಕಾದರೆ ಲಾಗಿನ್ ಆಗಬೇಕು. ಲಾಗಿನ್ ಆದವರನ್ನು ಅವರಿದ್ದ ಪುಟಕ್ಕೇ ವಾಪಸ್ ಕಳಿಸಬೇಕೆಂದು ಅವಳು ಧಣಿಗೆ ಹೇಳಿ ಹೇಳಿ ಸೋತಳು. "ಎಲ್ಲರೂ ಮೊದಲ ಪುಟಕ್ಕೇ ಬರಲಿ. ಚಿನ್ನದಂಗಡಿಯ ಜಾಹೀರಾತು ಅಲ್ಲಿ ಉಂಟಲ್ಲ" ಎಂದ ಆ ಮಹಾನುಭಾವ. ಅವನ ಮಂಡೆಯಲ್ಲಿ ಜಾಹೀರಾತು ಬಿಟ್ಟರೆ ಬೇರೆ ಎಂತದೂ ಇರಲಿಲ್ಲ.

2003ರ ಮಳೆಗಾಲದಲ್ಲಿ ಅವಳ ತಾಯಿ ಬರ್ತಾಬಾಯಿ ತೀರಿಕೊಂಡರು. ಕುವೈತಿನಲ್ಲಿದ್ದ ಅಣ್ಣ ಕಾರ್ಲ್ಟನ್‌ಗೆ ರಜೆ ಸಿಗಲಿಲ್ಲ. ಫೋನಿನಲ್ಲಿ ಅವನಿಗೆ ಅಳುವೇ ಬಂತು, ಮಾತು ಬರಲಿಲ್ಲ. "ಸೈಟಿನಲ್ಲಿ ಬರೆಯುತ್ತೇನೆ, ಅಮ್ಮನ ಕಿವಿಯ ಹತ್ತಿರ ನೀನು ಓದು" ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಪೆಟ್ಟಿಗೆ ಮುಚ್ಚುವ ಮೊದಲು ಮಕ್ಕಳು ಕೊನೆಯ ಮುತ್ತು ಕೊಡುವುದು ಅವರಲ್ಲಿ ಕ್ರಮ. ಕಾರ್ಲ್ಟನ್‌ನ ಮುತ್ತಿನ ಜಾಗದಲ್ಲಿ ಆ ಮಾತು. ಅದನ್ನು ಪ್ರಿಂಟ್ ಮಾಡಿ ತರಲು ನೆರೆಮನೆಯ ಲೂಯಿಸ್ ಪೇಟೆಯ ಸೈಬರಿನಲ್ಲಿ ಕಾದು ಕೂತಿದ್ದ. ಕೊನೆಗೆ ಬರಿಗೈಯಲ್ಲಿ ಬಂದ. ಸಿಂಥಿಯಾ ಪೆಟ್ಟಿಗೆ ಹಿಡಿದುಕೊಂಡು, "ಇನ್ನು ಸ್ವಲ್ಪ ತಡೆಯಿರಿ ಫಾದರ್" ಎಂದು ಬೇಡಿದಳು. ಎಷ್ಟೆಂದು ತಡೆಯುತ್ತಾರೆ? ಇಗರ್ಜಿಯ ಗಂಟೆ ಹೊಡೆಯಿತು, ಪೆಟ್ಟಿಗೆ ಮುಚ್ಚಿದರು. "ಮಗನಿಗೆ ಎರಡು ಮಾತಿಗೂ ಗತಿಯಿಲ್ಲವಾ?" ಎಂದು ಯಾರೋ ಹೆಂಗಸು ಹೇಳಿದ್ದು ನನಗೇ ಕೇಳಿತು.

ಸಂಜೆ ಕಾರ್ಲ್ಟನ್ ಫೋನ್ ಮಾಡಿದ. ಬರೆದು ಕಳಿಸುವಾಗ ಲಾಗಿನ್ ಕೇಳಿತಂತೆ. ಆದ ಮೇಲೆ ನೋಡಿದರೆ ಎದುರಿಗೆ ಚಿನ್ನದ ಬಳೆ. ಬರೆದದ್ದೆಲ್ಲ ಮಾಯ. ಆ ಆಮೆಯಂಥ ನೆಟ್ಟಿನಲ್ಲಿ ಅಮ್ಮನ ಪುಟ ಹುಡುಕಿ ಪುನಃ ಬರೆಯುವಷ್ಟರಲ್ಲಿ ಇಲ್ಲಿ ಮಣ್ಣು ಹಾಕಿ ಆಗಿತ್ತು.

ಸಿಂಥಿಯಾ ಕೆಲಸಕ್ಕೆ ಬಂದವಳು ಧಣಿಯನ್ನು ಕೇಳಲೇ ಇಲ್ಲ. ಸೈಟಿನ ಪ್ರೋಗ್ರಾಮಿನಲ್ಲಿ ನಾಲ್ಕು ಸಾಲು ಬರೆದಳು, ಅಷ್ಟೇ. ತಾಯಿಯ ಪುಟದಿಂದ ಲಾಗಿನ್ ಆಗಿ ನೋಡಿದಳು. ನೇರ ತಾಯಿಯ ಪುಟಕ್ಕೇ ವಾಪಸ್ ಬಂತು. ಬರ್ತಾಬಾಯಿಯ ಫೋಟೋ, ಕೆಳಗೆ ಕಾರ್ಲ್ಟನ್ ಬರೆದದ್ದು: "ಅಮ್ಮಾ, ಸ್ವಲ್ಪ ತಡಿ. ನಾನೂ ಬಂದೆ."

"ಈಗ ಸರಿಯಾಯಿತಲ್ಲ" ಎಂದೆ ನಾನು.

"ಯಾರಿಗೆ, ಕುಶಲಾ?" ಎಂದಳು.