ಹುಲಿಗೆಪ್ಪ ನೋಡಿಬಂದ ಸಿನಿಮಾ

ಹುಲಿಗೆಪ್ಪನಿಗೆ ದೈವಭಕ್ತಿ ಸ್ವಲ್ಪ ಜಾಸ್ತಿಯೇ. ಕೊಪ್ಪಳದ ಕಡೆಯಿಂದ ಬಂದು ಹೊಸ ತಿಪ್ಪಸಂದ್ರದಲ್ಲೊಂದು ಬಾಡಿಗೆ ಕೋಣೆ ಹಿಡಿದಿದ್ದ. ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ದಿನವಿಡೀ ನಿಂತು ಸೋತವನು, ಮಂಗಳವಾರ ಸಂಜೆ ಮಾತ್ರ ಎಲ್ಲಿಂದಲೋ ಜೀವ ತಂದುಕೊಳ್ಳುತ್ತಿದ್ದ. ಅಂದು ವಠಾರದಲ್ಲಿ ಅವನ ಊರ ಕಡೆಯವರೆಲ್ಲ ಸೇರಿ ಹುಲಿಗೆಮ್ಮನ ಭಜನೆ, ತಬಲಾ ಅವನದು. ಈ ಪಟ್ಟಣದಲ್ಲಿ ತನ್ನದು ಅಂತ ಅವನಿಗಿದ್ದದ್ದು ಅದೊಂದೇ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಒಂದು ಸಿನಿಮಾ ಬಂತು. ಅದರಲ್ಲಿ ದೇವಿ ಹೆಂಡ ಕುಡಿಯುತ್ತಾಳಂತೆ ಎಂದು ಸುದ್ದಿ ಹಬ್ಬಿತು. ಯಾರೂ ನೋಡಿರಲಿಲ್ಲ, ಸಿಟ್ಟಿಗೇನೂ ಅದರಿಂದ ಅಡ್ಡಿಯಾಗಲಿಲ್ಲ. ಭಜನೆಯ ಹಿರಿಯ ದತ್ತು, "ಯಾರೂ ಅದಕ್ಕ ಹೋಗಬ್ಯಾಡ್ರಿ. ಬರೋ ಮಂಗಳವಾರ ಎಲ್ಲಾರೂ ಭಂಡಾರ ಮುಟ್ಟಿ ಆಣಿ ಮಾಡೋಣು" ಎಂದ. ದೇವಿಯ ಮುಂದಿನ ಆ ಅರಿಸಿನ ಮುಟ್ಟಿ ಅವರಲ್ಲಿ ಯಾರೂ ಸುಳ್ಳಾಡುವುದಿಲ್ಲ.

ಹುಲಿಗೆಪ್ಪನಿಗೆ ತಡೆಯಲಾಗಲಿಲ್ಲ. ತಾಯಿಯನ್ನು ಯಾರೋ ಬೈದರು ಅಂದರೆ ಏನು ಬೈದರು ಅಂತ ಕೇಳಬೇಡವೇ? ಭಾನುವಾರ ಶಿವಾಜಿನಗರಕ್ಕೆ ಹೋಗಿ, ಗಲಾಟೆಯಾದೀತೆಂದು ಟಾಕೀಸಿನ ಮುಂದೆ ನಿಂತಿದ್ದ ಪೊಲೀಸರ ನಡುವೆ ನುಸುಳಿ, ಮ್ಯಾಟಿನಿ ನೋಡಿಯೇ ಬಂದ.

ಎಲ್ಲರಿಗೂ ಸಮಾಧಾನವಾಗಲಿ ಎಂದು ಮಂಗಳವಾರ, "ನಾ ನೋಡಿ ಬಂದೀನಿ. ಅಂಥಾದ್ದೇನೂ ಇಲ್ರಿ ಅದರಾಗ" ಎಂದುಬಿಟ್ಟ ಪುಣ್ಯಾತ್ಮ. ಕೇಳಿ ಸಂತೋಷಪಡುತ್ತಾರೆ ಅಂದುಕೊಂಡಿದ್ದ! ಎಲ್ಲರ ಮುಖ ಗಂಟಿಕ್ಕಿತು. ದತ್ತು ಅವನನ್ನು ಹೊರಗೆ ಕರೆದು, "ನೋಡಿಲ್ಲ ಅಂತ ಭಂಡಾರ ಮುಟ್ಟಿ ಹೇಳಿಬಿಡು. ತಬಲಾ ನಿಂದೇ" ಎಂದ.

"ನೋಡೀನಲ್ಲ ದತ್ತಣ್ಣ. ತಾಯಿ ಮುಂದ ಹ್ಯಾಂಗ ಸುಳ್ಳು ಹೇಳ್ಲಿ?"

"ಆಕಿಗೆ ಎಲ್ಲಾ ಗೊತ್ತಿರತೈತಿ. ಇದು ಮಂದಿಗೆ."

ಹುಲಿಗೆಪ್ಪ ಮುಟ್ಟಲಿಲ್ಲ. ತಬಲಾ ಬೇರೆಯವರ ಕೈಗೆ ಹೋಯಿತು. "ನಿಮಗ ಯಾಕ ಬೇಕಿತ್ರಿ ಈ ಉಸಾಬರಿ" ಎಂದು ಹೆಂಡತಿ ಶಾಂಭವಿ ಬೈದು ಬೈದು ಸುಮ್ಮನಾದಳು. ಗೋಡೆಯಾಚೆ ತಾಳ ತಪ್ಪಿದಾಗೆಲ್ಲ ಅವನ ಬೆರಳುಗಳು ಮೊಣಕಾಲಿನ ಮೇಲೆ ಅದನ್ನು ಸರಿಮಾಡುತ್ತಿದ್ದವು. ಸಿನಿಮಾ ಮಾತ್ರ ನೋಡುವವರಿಲ್ಲದೆ ತಾನಾಗಿಯೇ ಎತ್ತಂಗಡಿಯಾಯಿತು.

ಒಂದು ಸಂಜೆ ಬಸ್ಸಿನಲ್ಲಿ ದತ್ತು ಪಕ್ಕಕ್ಕೆ ಬಂದು ಕೂತ. ಅತ್ತಿತ್ತ ನೋಡಿ, "ಖರೇ ಹೇಳು, ತಾಯೀನ ಹ್ಯಾಂಗ ತೋರಿಸ್ಯಾರ?" ಎಂದು ಮೆಲ್ಲಗೆ ಕೇಳಿದ.

ಹುಲಿಗೆಪ್ಪನಲ್ಲಿ ಸಿಟ್ಟು ಮಾಡುವಷ್ಟೂ ತ್ರಾಣವಿರಲಿಲ್ಲ. ಇದ್ದದ್ದನ್ನು ಹೇಳಿದ: ನಾಟಕದಲ್ಲಿ ದೇವಿಯ ಪಾತ್ರ ಮಾಡುವ ಹೆಂಗಸು, ಹಸಿವು ತಾಳದೆ, ಬಣ್ಣ ತೊಳೆಯುವ ಮೊದಲೇ ಮೂಲೆಯಲ್ಲಿ ಕೂತು ಒಣ ರೊಟ್ಟಿ ತಿನ್ನುತ್ತಾಳೆ, ಮೇಲೆ ನೀರು ಕುಡಿಯುತ್ತಾಳೆ. ಅಷ್ಟೇ. ದತ್ತುವಿನ ಕಣ್ಣು ತುಂಬಿ ಬಂತು. "ನಮ್ಮವ್ವ ಹಂಗ ಮೂಲ್ಯಾಗ ಕೂತು ತಿಂತಿದ್ಲು" ಎಂದ.

ಸ್ಟಾಪು ಬಂತು, ಇಬ್ಬರೂ ಇಳಿದರು. ದತ್ತು ಅವನ ಹೆಗಲ ಮೇಲೆ ಕೈಯಿಟ್ಟು, "ಮಂಗಳವಾರ ಬಾರಪಾ. ನೀ ಇಲ್ದ ಭಜನಿ ಸಪ್ಪಗ ಆಗೈತಿ" ಎಂದ. ಹುಲಿಗೆಪ್ಪನ ಮುಖ ಅರಳಿತು.

"ನೋಡಿಲ್ಲ ಅಂತ ಒಂದು ಆಣಿ ಮಾಡಿಬಿಡು, ಸಾಕು."

ಹುಲಿಗೆಪ್ಪ ಹೆಗಲ ಮೇಲಿನ ಕೈಯನ್ನು ಮೆಲ್ಲಗೆ ಇಳಿಸಿ ಮನೆಯ ಕಡೆ ನಡೆದ.