ಸಾವಿನ ಬಂಡೆ ಕುಂಡೆಯ ಬಂಡೆಯಾದದ್ದು

ಬೆಳಗಿನ ಆರು ಗಂಟೆ. ಐರಿಷ್ ನಾಡಿನ ಕಾನೆಮಾರದ ಕಡಲಂಚಿನ ಅಡುಗೆಮನೆಯೊಂದರಲ್ಲಿ ಬಾರಬ್ರಾ ನೀ ಖೂಲಾನ್ ಧ್ವನಿಮುದ್ರಕ ಹಿಡಿದು ಕಾಯುತ್ತಿದ್ದಾರೆ. ತೊಂಬತ್ತೊಂದರ ಪೆಗೀನ್ ಅಜ್ಜಿ ಇನ್ನೂ ಹಲ್ಲಿನ ಸೆಟ್ಟು ಹುಡುಕುತ್ತಿದ್ದಾರೆ.

“ಬೊಚ್ಚುಬಾಯಲ್ಲಿ ಐರಿಷ್ ಆಡಿದ್ರೆ ಇವಳು ಅದನ್ನೂ ಹೊಸ ಉಪಭಾಷೆ ಅಂತ ಬರ್ಕೊಂಡ್ಬಿಡ್ತಾಳೆ,” ಎನ್ನುತ್ತಾರೆ ಅಜ್ಜಿ.

ಕೆಲ್ಟಿಕ್ ಭಾಷೆಗಳ ವಿದ್ವಾಂಸೆ ಬಾರಬ್ರಾ ಮೀನುಗಾರನ ಮಗಳು, ವಯಸ್ಸು ಅರವತ್ತೆಂಟು. ನಲವತ್ತೊಂದು ವರ್ಷಗಳಿಂದ ಹೊಲ, ಬಂಡೆ, ಕೊಲ್ಲಿಗಳ ಹೆಸರು ಆಯುತ್ತಿದ್ದಾರೆ. ದಿನಕ್ಕೆ ಮೂರು ಅಡುಗೆಮನೆ, ಏಳು ಲೋಟ ಚಹಾ, ಅದೃಷ್ಟವಿದ್ದರೆ ಒಂದು ಹೊಸ ಹೆಸರು. ಈವರೆಗೆ ಹನ್ನೊಂದು ಸಾವಿರ. ಪ್ರಾಧ್ಯಾಪಕ ಹುದ್ದೆ ಎರಡು ಸಲ ಕೈತಪ್ಪಿತು; ಬರೆದ ಪುಸ್ತಕ ಒಂದೇ ಎಂಬುದು ಕಾರಣ.

ಆ ಒಂದರಲ್ಲೇ ತಪ್ಪಿದೆಯೇನೋ ಎಂಬ ಅನುಮಾನ ಈಗ. ಊರಾಚೆಯ ಕಲ್ಲಿಗೆ ಜನ ‘ಕ್ಲೊಖ್ ಅ ವಾಶ್’ ಅನ್ನುತ್ತಾರೆ. ಈ ಭಾಷೆಯಲ್ಲಿ ಪದಕ್ಕೆ ಪದ ಸೇರುವಾಗ ಬ, ಮ ಎರಡೂ ಉಚ್ಚಾರದಲ್ಲಿ ಮೆತ್ತಗಾಗಿ ವ ಆಗುವುದುಂಟು, ಕೊನೆಯ ಸ್ ಶ್ ಆಗುವುದುಂಟು; ಬರಹದಲ್ಲಿ ಮಾತ್ರ ಮೂಲ ಅಕ್ಷರ ಉಳಿಯುತ್ತದೆ. ‘ಕ್ಲೊಖ್’ ಎಂದರೆ ಬಂಡೆ. ‘ಬಾಸ್’ ಎಂದರೆ ಸಾವು. ‘ಮಾಸ್’ ಎಂದರೆ ಕುಂಡೆ. ಮೂವತ್ತೆರಡರ ಬಾರಬ್ರಾ ಗಂಭೀರವಾಗಿ ‘ಸಾವಿನ ಬಂಡೆ’ ಎಂದು ಬರೆದರು. ಅದರಿಂದ ನರಮೇಧದ ಕಥೆ ಹುಟ್ಟಿತು, ಊರಿನ ಕೋಲಮ್‌ನ ಚಹಾದಂಗಡಿಗೆ ಪ್ರವಾಸಿಗರು ಬಂದರು. ಈಗ ಆ ಬಂಡೆಯ ಬಳಿ ಕಲ್ಲಿನ ಫಲಕ ನಿಲ್ಲಲಿದೆ. ಹೆಸರು ಖಚಿತಪಡಿಸಿ ಬಾರಬ್ರಾ ಸಹಿ ಹಾಕಬೇಕು, ಇವತ್ತೇ.

ಹಲ್ಲು ಕೂತ ಮೇಲೆ ಅಜ್ಜಿ ಹೆಸರು ಹೇಳುತ್ತಾರೆ. ಬಾರಬ್ರಾ ಕಣ್ಣು ಮುಚ್ಚುತ್ತಾರೆ. ‘ವಾ’ ಮೂಗಿನಿಂದ ಬರುತ್ತಿದೆ. ಮ ಸತ್ತರೂ ಮೂಗು ಬಿಟ್ಟಿಲ್ಲ; ಅಂದರೆ ಮೂಲ ಪದ ‘ಮಾಸ್’.

“ಅಲ್ಲಿ ಸತ್ತೋರು ಯಾರಜ್ಜಿ?”

“ಯಾರೂ ಇಲ್ಲ. ಒಲೆ ಉರಿಸೋಕೆ ಪೀಟ್ ಮಣ್ಣಿನ ಹೆಂಟೆ ಹೊತ್ತು ತರೋರು ಕುಂಡೆ ಊರ್ತಿದ್ದ ಕಲ್ಲು ಅದು.”

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ನೀನೆಲ್ಲಿ ಕೇಳ್ದೆ? ಓದಿದೋಳು ಬರ್ದಿದಾಳೆ, ಯಾರೋ ಒಬ್ರು ಸತ್ತಿರ್ಬೇಕು ಅಂದ್ಕೊಂಡೆ.”

ಸುದ್ದಿ ಕೇಳಿ ಕೋಲಮ್ ತಲೆ ಮೇಲೆ ಕೈ ಹೊರುತ್ತಾನೆ. “ಬಾರಬ್ರಕ್ಕಾ, ಸಾವು ನೋಡೋಕೆ ಜರ್ಮನಿಯಿಂದ ಬರ್ತಾರೆ. ಕುಂಡೆ ಅವ್ರ ಮನೇಲೇ ಇದೆಯಲ್ಲ!”

“ತಂದಿದ್ದನ್ನ ಕೂರಿಸೋಕೆ ಜಾಗ ಸಿಕ್ತು ಅನ್ನು. ಕೂತೋರು ಚಹಾ ಕೇಳ್ತಾರೆ.”

ಅವನ ಮೇಜಿನ ಮೇಲೇ ಅವರು ಫಲಕದ ಕಾಗದದಲ್ಲಿ ತಮ್ಮ ಹಳೆಯ ಪದ ಹೊಡೆದುಹಾಕಿ ಸಹಿ ಮಾಡುತ್ತಾರೆ. ವಾಪಸು ಬರುವಾಗ ಆ ಕಲ್ಲಿನ ಮೇಲೆ ಮೊದಲ ಬಾರಿಗೆ ಕೂರುತ್ತಾರೆ. “ಎತ್ತರ ಸರಿಯಾಗಿದೆ,” ಎನ್ನುತ್ತಾರೆ, ಮಗ್ಗುಲು ಬದಲಿಸುತ್ತ.

ಫಲಕದಲ್ಲಿ ನಿಮ್ಮ ಹೆಸರು ಬೇಡವೇ ಎಂದರೆ ನಗುತ್ತಾರೆ.

“ನನ್ನದ್ಯಾಕೆ? ‘ಮ’ ಸರಿಯಾಗಿ ಕೆತ್ತಿದ್ರೆ ಸಾಕು.”